ಗಂಡ ಹೋದ, ಸಾಲದ ಚೀಟಿ ಬಂತು!

ರಬಕವಿ-ಬನಹಟ್ಟಿಯ ಮಗ್ಗದ ಮನೆಯಿರಲಿ, ಮುಧೋಳ-ಜಮಖಂಡಿಯ ಕಬ್ಬಿನ ಹೊಲವಿರಲಿ, ಬೀಳಗಿಯ ಅಂಗಡಿಯಿರಲಿ, ಯಜಮಾನ ಹಠಾತ್ತನೆ ತೀರಿಕೊಂಡರೆ ಹೆಂಡತಿಗೆ ಗೊತ್ತಿಲ್ಲದ ಸಾಲ ದಿವಸ ಮುಗಿಯುವ ಮೊದಲೇ ಬಾಗಿಲು ಬಡಿಯುತ್ತದೆ. "ತಂಗೀ, ನಿನ್ನ ಗಂಡ ರೊಕ್ಕ ಇಸಗೊಂಡಾನ, ಇಲ್ಲೊಂದು ಸಹಿ ಹಾಕವಾ" ಎಂದರೆ?

ಹಾಕಬಾರದು! ಆಕೆ ಜಾಮೀನಿಗಾಗಲಿ, ಜಂಟಿ ಸಾಲಕ್ಕಾಗಲಿ ಮೊದಲೇ ಸಹಿ ಮಾಡಿರದಿದ್ದರೆ, ಸತ್ತವನ ಸಾಲ ಆತ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ. ಆಕೆಯ ದುಡಿಮೆಗೆ, ತವರಿನ ಬಂಗಾರಕ್ಕೆ ಕೈಹಾಕುವಂತಿಲ್ಲ.

ಮೊದಲು ಸಾಲದ ಕಾಗದ ಕೇಳಿರಿ. ಗಂಡನ ಪಾಸ್‌ಬುಕ್ ನೋಡಿರಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಜೀವನಜ್ಯೋತಿ ವಿಮೆ ಇರಬಹುದು, ಅದು 2 ಲಕ್ಷ. ಬೆದರಿಕೆ ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ. 1987ರ ಕಾಯ್ದೆಯಂತೆ ಹೆಂಗಸರಿಗೆ ವಕೀಲರು ಪುಕ್ಕಟೆ.

ಗಂಡಸರೇ, ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಮನೆಯಾಕೆಗೆ ಲೆಕ್ಕ ಹೇಳಿಬಿಡಿ.