ಕಿರುಗಾವಲು ಕ್ಷೇತ್ರ ಎಲ್ಲೋಯ್ತು?

2023ರ ಏಪ್ರಿಲ್ ಕೊನೆ. ವಿಧಾನಸಭೆ ಚುನಾವಣೆ ಪ್ರಚಾರ ಜೋರಾಗಿತ್ತು. ಮಳವಳ್ಳಿ ತಾಲೂಕಿನ ಕಿರುಗಾವಲಿನಲ್ಲಿ ಒಂದು ಟೀ ಅಂಗಡಿ ಮುಂದೆ ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದೆ. ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರ ಮುಂದೆ ಮೈಕ್ ಹಿಡಿದು ನಮ್ಮ ಮಾಮೂಲಿ ಪ್ರಶ್ನೆ ಕೇಳಿದೆ. ‘ಯಜಮಾನ್ರೇ, ಈ ಸಲ ನಿಮ್ಮ ಕ್ಷೇತ್ರದಲ್ಲಿ ಯಾರು ಗೆಲ್ತಾರೆ?’

ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ‘ನಮ್ ಕ್ಷೇತ್ರ ಎಲ್ಲದೆ ಕನಪ್ಪ? ಓಟು ನಮ್ದು, ಕ್ಷೇತ್ರ ಮಳವಳ್ಳಿದು. ಕಿರುಗಾವಲು ಕ್ಷೇತ್ರ ಎಲ್ಲೋಯ್ತು ಅಂತ ನೀನೇ ಏಳು, ಟೀವಿಯವ್ನು ನೀನು.’

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತು ಕೊಡಲಾಗದ ಉತ್ತರವನ್ನು ಇವತ್ತು ಕೊಡ್ತೀನಿ.

ಮೊದಲು ಕಿರುಗಾವಲು ಅಂದ್ರೆ ಏನಾಗಿತ್ತು ಅಂತ ಗೊತ್ತಾಗಬೇಕು. ಮಳವಳ್ಳಿ ಮತ್ತು ಮದ್ದೂರು ತಾಲೂಕುಗಳ ನಡುವೆ ಹರಡಿಕೊಂಡಿದ್ದ ಕ್ಷೇತ್ರ ಅದು. ಒಂದು ಕಡೆ ಕಿರುಗಾವಲಿನ ಭತ್ತದ ಗದ್ದೆ, ಇನ್ನೊಂದು ಕಡೆ ಭಾರತೀನಗರದ ಕಬ್ಬು. ಪಟ್ಟಣ ಅಂತ ಹೇಳಿಕೊಳ್ಳೋಕೆ ಒಂದೂ ದೊಡ್ಡ ಊರಿಲ್ಲದ, ಅಪ್ಪಟ ಹಳ್ಳಿಗಳ ಕ್ಷೇತ್ರ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಸೀಮೆ. ನಾಲೆಯ ಕೊನೆ ಭಾಗ ಅಂದ್ರೆ ಏನು ಅಂತ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ನೀರು ಬಿಟ್ಟ ಸುದ್ದಿ ಟೀವಿಯಲ್ಲಿ ಬರುತ್ತೆ, ನೀರು ಮಾತ್ರ ಗದ್ದೆಗೆ ಬರಲ್ಲ. ಇಂಥ ಕಡೆ ಶಾಸಕ ಅಂದ್ರೆ ಕಾನೂನು ಮಾಡೋನಲ್ಲ, ನೀರು ಕೇಳೋಕೆ ಇರೋ ಧ್ವನಿ.

ಆ ಧ್ವನಿಗೆ 27 ವರ್ಷ ಒಂದೇ ಹೆಸರಿತ್ತು. ಜಿ. ಮಾದೇಗೌಡ. 1962ರಲ್ಲಿ ಮೊದಲ ಸಲ ಗೆದ್ದವರು 1989ರ ತನಕ ಆರು ಸಲ ಕಿರುಗಾವಲಿನ ಶಾಸಕರು. ಇಂದಿರಾ ಗಾಂಧಿ ಅಲೆ ಬಂತು, ಹೋಯ್ತು. 1983ರಲ್ಲಿ ಕಾಂಗ್ರೆಸ್ ಮೊದಲ ಸಲ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡಿತು. ಮಾದೇಗೌಡರು ಕದಲಲಿಲ್ಲ. ಆಮೇಲೆ 1989 ಮತ್ತು 1991ರಲ್ಲಿ ಮಂಡ್ಯದ ಸಂಸದರಾದರು. ಕಾವೇರಿ ಹೋರಾಟ ಅಂದ ತಕ್ಷಣ ಇಡೀ ರಾಜ್ಯಕ್ಕೆ ನೆನಪಾಗುತ್ತಿದ್ದ ಮುಖ ಅದು. 2021ರ ಜುಲೈನಲ್ಲಿ ಅವರು ತೀರಿಕೊಂಡಾಗ ನಮ್ಮ ಚಾನೆಲ್‌ನಲ್ಲೂ ದಿನವಿಡೀ ಅದೇ ಸುದ್ದಿ. ಅವರನ್ನು ಅಷ್ಟು ವರ್ಷ ಗೆಲ್ಲಿಸಿದ ಕ್ಷೇತ್ರ ಅವರಿಗಿಂತ 13 ವರ್ಷ ಮೊದಲೇ ಹೋಗಿತ್ತು ಅನ್ನೋದನ್ನು ಮಾತ್ರ ನಾವ್ಯಾರೂ ಹೇಳಲಿಲ್ಲ.

ಪಕ್ಕದ ಮದ್ದೂರಿನ ಸ್ವಭಾವ ಪೂರ್ತಿ ಉಲ್ಟಾ. ಅದೇ 1962ರಲ್ಲಿ, ಅಮೆರಿಕದಲ್ಲಿ ಓದಿ ಬಂದಿದ್ದ 30ರ ಹರೆಯದ ಎಸ್.ಎಂ. ಕೃಷ್ಣ ಪಕ್ಷೇತರರಾಗಿ ನಿಂತರು. ಎದುರಾಳಿ ಕಾಂಗ್ರೆಸ್ಸಿನ ಘಟಾನುಘಟಿ ಎಚ್.ಕೆ. ವೀರಣ್ಣಗೌಡ. ಅವರ ಪರ ಪ್ರಚಾರಕ್ಕೆ ಬಂದಿದ್ದು ಸಾಕ್ಷಾತ್ ಜವಾಹರಲಾಲ್ ನೆಹರು. ಆದರೂ ಗೆದ್ದಿದ್ದು ಕೃಷ್ಣ. ಹಾಗಂತ ಮದ್ದೂರು ಅವರನ್ನು ತಲೆ ಮೇಲೆ ಹೊತ್ತುಕೊಂಡು ಕೂರಲಿಲ್ಲ. 1967ರಲ್ಲಿ ಸೋಲಿಸಿತು. 1989ರಲ್ಲಿ ಗೆಲ್ಲಿಸಿತು, 1994ರಲ್ಲಿ ಮತ್ತೆ ಸೋಲಿಸಿತು. 1999ರಲ್ಲಿ ಗೆಲ್ಲಿಸಿ ಮುಖ್ಯಮಂತ್ರಿ ಮಾಡಿ ಕಳಿಸಿತು. 2004ರಲ್ಲಿ ಅವರು ಬೆಂಗಳೂರಿನ ಚಾಮರಾಜಪೇಟೆಗೆ ಹೋಗಿ ನಿಂತರು.

ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ. 2008ರಲ್ಲಿ ಅಲ್ಲಿ ಪಿ.ಎಂ. ನರೇಂದ್ರಸ್ವಾಮಿ ಪಕ್ಷೇತರರಾಗಿ ಗೆದ್ದು, ಬಿಜೆಪಿ ಸರ್ಕಾರದಲ್ಲಿ ಮಂತ್ರಿಯೂ ಆದರು. 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು, 2018ರಲ್ಲಿ ಜೆಡಿಎಸ್‌ನ ಕೆ. ಅನ್ನದಾನಿ ಎದುರು ಸೋತರು, 2023ರಲ್ಲಿ ಮತ್ತೆ ಗೆದ್ದರು.

ಈಗ ಯಜಮಾನರ ಪ್ರಶ್ನೆಗೆ ಬರೋಣ. ಕ್ಷೇತ್ರ ಎಲ್ಲೋಯ್ತು? ನಾನು ಎಂಜಿನಿಯರಿಂಗ್ ಓದಿದವನು, ಹಾಗಾಗಿ ಲೆಕ್ಕ ಹಾಕಿ ತೋರಿಸ್ತೀನಿ. ಗಾಬರಿ ಬೇಡ, ಬರೀ ಭಾಗಾಕಾರ.

ನಮ್ಮ ವಿಧಾನಸಭೆಗೆ 1978ರ ಚುನಾವಣೆಯಿಂದ 224 ಸೀಟು. ಆಗ ಆಧಾರವಾಗಿದ್ದು 1971ರ ಜನಗಣತಿ. ರಾಜ್ಯದ ಜನಸಂಖ್ಯೆ 2.93 ಕೋಟಿ. 224ರಿಂದ ಭಾಗಿಸಿದರೆ ಒಂದು ಸೀಟಿಗೆ ಸುಮಾರು 1.31 ಲಕ್ಷ ಜನ. ಮಂಡ್ಯ ಜಿಲ್ಲೆಯಲ್ಲಿ ಆಗ ಇದ್ದವರು ಸುಮಾರು 11.5 ಲಕ್ಷ. ಭಾಗಿಸಿ ನೋಡಿ, 8.8 ಬರುತ್ತೆ. ಅಂದ್ರೆ 9 ಸೀಟು. ಮಂಡ್ಯ, ಮದ್ದೂರು, ಮಳವಳ್ಳಿ, ಕಿರುಗಾವಲು, ಕೆರಗೋಡು, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ. ಸರಿಯಾಗಿ ಒಂಬತ್ತು.

ಆಮೇಲೆ 30 ವರ್ಷ ಯಾರೂ ಗಡಿ ಮುಟ್ಟಲಿಲ್ಲ. 2002ರಲ್ಲಿ ಕ್ಷೇತ್ರ ಪುನರ್ವಿಂಗಡಣೆ ಕಾಯ್ದೆ ಬಂತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಆಯೋಗ 2001ರ ಜನಗಣತಿ ಹಿಡಿದು ಹೊಸ ಗೆರೆ ಎಳೆಯಿತು. ರಾಜ್ಯದ ಒಟ್ಟು ಸೀಟು 224 ಹಾಗೇ ಇರಬೇಕು, ಜಿಲ್ಲೆಗಳ ನಡುವೆ ಮಾತ್ರ ಹಂಚಿಕೆ ಬದಲಾಗಬಹುದು. ಈಗ ರಾಜ್ಯದಲ್ಲಿ 5.28 ಕೋಟಿ ಜನ. ಸೀಟಿಗೆ ಸುಮಾರು 2.36 ಲಕ್ಷ. ಮಂಡ್ಯದಲ್ಲಿ 17.6 ಲಕ್ಷ. ಭಾಗಿಸಿದರೆ ಏಳೂವರೆಗೆ ಒಂದು ಕೂದಲೆಳೆ ಕಮ್ಮಿ. ಸಿಕ್ಕಿದ್ದು 7 ಸೀಟು. ಬೆಂಗಳೂರು ನಗರ ಜಿಲ್ಲೆಯಲ್ಲಿ 65 ಲಕ್ಷ ಜನ. ಭಾಗಿಸಿದರೆ 27.7. ಸಿಕ್ಕಿದ್ದು 28.

ಅಲ್ಲಿಗೆ ಕಥೆ ಮುಗೀತು. 2008ರ ಚುನಾವಣೆ ಹೊತ್ತಿಗೆ ಪಾಂಡವಪುರ ಕ್ಷೇತ್ರದ ಹೆಸರು ಮೇಲುಕೋಟೆ ಆಯ್ತು. ಕೆರಗೋಡು, ಕಿರುಗಾವಲು ನಕ್ಷೆಯಿಂದಲೇ ಅಳಿಸಿಹೋದವು. ಕಿರುಗಾವಲು ಮಳವಳ್ಳಿಗೆ ಸೇರಿತು, ಭಾರತೀನಗರದ ಕಡೆಯ ಹಳ್ಳಿಗಳು ಮದ್ದೂರಿಗೆ. ಯಾರೂ ಪಿತೂರಿ ಮಾಡಲಿಲ್ಲ. ಯಾರೂ ಕದಿಯಲಿಲ್ಲ. ಭಾಗಾಕಾರದಲ್ಲಿ ಉಳಿದ ಶೇಷ ನಮ್ಮ ಯಜಮಾನರು.

ಇದರಲ್ಲಿ ಅನ್ಯಾಯ ಏನಿದೆ ಅಂತ ಬೆಂಗಳೂರಿನ ವೀಕ್ಷಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲರ ವೋಟಿಗೂ ಒಂದೇ ತೂಕ ಇರಬೇಕು ಅನ್ನೋದು ಪ್ರಜಾಪ್ರಭುತ್ವದ ಮೊದಲ ಪಾಠ. ಹಳೇ ಗಡಿಯಲ್ಲೇ ಮುಂದುವರಿದಿದ್ದರೆ ಬೆಂಗಳೂರಿನ ಹೊರವಲಯದಲ್ಲಿ ಲಕ್ಷಾಂತರ ಜನರಿಗೆ ಒಬ್ಬ ಶಾಸಕ, ಇಲ್ಲಿ ಅದರ ಕಾಲುಭಾಗಕ್ಕೆ ಒಬ್ಬ. ಅದು ಸರಿಯಲ್ಲ. ಅಷ್ಟೇ ಅಲ್ಲ, ಬೆಂಗಳೂರಿಗೆ ಹೋಗಿ ಆ ಸಂಖ್ಯೆ ಜಾಸ್ತಿ ಮಾಡಿದವರಲ್ಲಿ ಮಂಡ್ಯದ ಮಕ್ಕಳೇ ಎಷ್ಟು ಜನ! ಕ್ಯಾಬ್ ಓಡಿಸೋರು, ಗಾರ್ಮೆಂಟ್ಸ್‌ಗೆ ಹೋಗೋರು, ಸಾಫ್ಟ್‌ವೇರ್ ಕಂಪನಿಯಲ್ಲಿರೋರು. ಮಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ, ಅವನ ಹಿಂದೆ ಅಪ್ಪನ ಸೀಟೂ ಹೋಯ್ತು.

ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ನಷ್ಟ ಇಲ್ಲ ಅಂತ ಅಲ್ಲ. ನಾಲೆಯ ಕೊನೆ ಭಾಗದ ಹಳ್ಳಿಗಳೇ ಸೇರಿ ಒಂದು ಕ್ಷೇತ್ರ ಆಗಿದ್ದಾಗ, ನೀರಿನ ಮಾತಾಡದೆ ಅಲ್ಲಿ ಯಾರೂ ಗೆಲ್ಲೋಕೆ ಆಗ್ತಿರಲಿಲ್ಲ. ಈಗ ಅದೇ ಹಳ್ಳಿಗಳು ಎರಡು ಕ್ಷೇತ್ರಗಳ ಅಂಚಿನಲ್ಲಿವೆ. ಪಟ್ಟಣದ ರಸ್ತೆ, ಬಸ್ ಸ್ಟ್ಯಾಂಡ್, ಆಸ್ಪತ್ರೆ ಎಲ್ಲದರ ನಡುವೆ ಅವರ ಬೇಡಿಕೆಯೂ ಒಂದು. ಕಿರುಗಾವಲಿನ ಶಾಸಕರಾಗಿದ್ದ ಡಿ.ಸಿ. ತಮ್ಮಣ್ಣ ಮುಂದೆ 2013, 2018ರಲ್ಲಿ ಗೆದ್ದಿದ್ದು ಮದ್ದೂರಿನಿಂದ, ಸಾರಿಗೆ ಮಂತ್ರಿ ಆಗಿದ್ದೂ ಮದ್ದೂರಿನ ಶಾಸಕರಾಗಿ. ನಾಯಕರಿಗೆ ಇನ್ನೊಂದು ಕ್ಷೇತ್ರ ಸಿಗುತ್ತೆ. ಹಳ್ಳಿ ಎದ್ದು ಇನ್ನೊಂದು ಕಡೆ ಹೋಗೋಕಾಗುತ್ತಾ?

ಸೀಟು ಕಮ್ಮಿಯಾದರೂ ಮಂಡ್ಯದ ಮತದಾರ ತನ್ನ ಗತ್ತು ಬಿಟ್ಟಿಲ್ಲ ಅನ್ನೋದು ಬೇರೆ ಮಾತು. 2018ರಲ್ಲಿ ಏಳಕ್ಕೆ ಏಳೂ ಜೆಡಿಎಸ್. ಒಂದೇ ವರ್ಷದಲ್ಲಿ, 2019ರ ಲೋಕಸಭೆಯಲ್ಲಿ, ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್‌ಗೆ 1,25,876 ಮತಗಳ ಗೆಲುವು. ನಾನು ಆ ಟೀ ಅಂಗಡಿ ಮುಂದೆ ನಿಂತಿದ್ದ 2023ರಲ್ಲಿ ಏಳರಲ್ಲಿ ಐದು ಕಾಂಗ್ರೆಸ್ಸಿಗೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಅದರಲ್ಲೇ. ಮತ್ತೆ ಒಂದೇ ವರ್ಷ, 2024ರಲ್ಲಿ ಎಚ್.ಡಿ. ಕುಮಾರಸ್ವಾಮಿಗೆ 2,84,620 ಮತಗಳ ಅಂತರ. ಮಂಡ್ಯ ನಮ್ಮ ಜೇಬಲ್ಲಿದೆ ಅಂದವರ ಜೇಬನ್ನೇ ಮಂಡ್ಯ ಹರಿದಿದೆ.

ಈಗ ಕೊನೆಯ ಲೆಕ್ಕ. ಇದನ್ನು ಸ್ವಲ್ಪ ಗಮನವಿಟ್ಟು ನೋಡಿ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ ಬೆಳೆದಿದ್ದು ಶೇ. 47. ಮಂಡ್ಯ ಬೆಳೆದಿದ್ದು ಶೇ. 2.4 ಮಾತ್ರ. 2011ರ ಜನಗಣತಿ ಹಿಡಿದು ಅದೇ ಭಾಗಾಕಾರ ಮಾಡಿದರೆ ಮಂಡ್ಯಕ್ಕೆ ಬರೋದು 6.6. ಬೆಂಗಳೂರಿಗೆ 35 ದಾಟುತ್ತೆ. ಸಂವಿಧಾನದ ಪ್ರಕಾರ ಮುಂದಿನ ಹಂಚಿಕೆ ನಡೆಯಬೇಕಿರೋದು 2026ರ ನಂತರದ ಮೊದಲ ಜನಗಣತಿಯ ಮೇಲೆ. ಆ ಜನಗಣತಿಗೆ 2027 ಅಂತ ಸರ್ಕಾರ ಘೋಷಣೆ ಮಾಡಿಯಾಗಿದೆ.

ಉತ್ತರ ಭಾರತಕ್ಕೆ ಎಷ್ಟು ಎಂಪಿ ಸೀಟು, ದಕ್ಷಿಣಕ್ಕೆ ಎಷ್ಟು ಅಂತ ನಾವು ಸ್ಟುಡಿಯೋದಲ್ಲಿ ಕೂತು ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ. ಜನಸಂಖ್ಯೆ ಹಿಡಿತದಲ್ಲಿ ಇಟ್ಟುಕೊಂಡ ನಮಗೇ ಶಿಕ್ಷೆಯಾ ಅಂತ ಕೇಳ್ತೀವಿ. ಕೇಳಲೇಬೇಕು. ಆದರೆ ಅದೇ ಪ್ರಶ್ನೆಯನ್ನು ಮಂಡ್ಯ ಬೆಂಗಳೂರಿಗೆ ಕೇಳಿದರೆ ನಮ್ಮ ಹತ್ರ ಏನು ಉತ್ತರ ಇದೆ? ದೆಹಲಿ ಮುಂದೆ ನಾವು ಮಂಡ್ಯದವರ ಥರ ಮಾತಾಡ್ತೀವಿ, ಮಂಡ್ಯದ ಮುಂದೆ ದೆಹಲಿಯವರ ಥರ.

ಯಜಮಾನ್ರೇ, ನಿಮ್ಮ ಕ್ಷೇತ್ರ ಎಲ್ಲೂ ಹೋಗಿಲ್ಲ. ಬೆಂಗಳೂರಿನ ಯಾವುದೋ ಲೇಔಟಿನಲ್ಲಿದೆ. ನಿಮ್ಮ ಹುಡುಗರೂ ಅಲ್ಲೇ ಇರಬಹುದು. ಮುಂದಿನ ಸಲ ಆಯೋಗ ಗೆರೆ ಎಳೆಯೋಕೆ ಕೂತಾಗ ಕರಡು ಪ್ರಕಟ ಮಾಡುತ್ತೆ, ಆಕ್ಷೇಪಣೆ ಕರೆಯುತ್ತೆ, ಸಾರ್ವಜನಿಕ ಸಭೆಯನ್ನೂ ನಡೆಸುತ್ತೆ. ನನ್ನನ್ನು ಕೇಳಿದ ಹಾಗೇ ಅಲ್ಲೂ ಹೋಗಿ ಕೇಳಿ. ಆವಾಗ ಮೈಕ್ ಹಿಡಿದುಕೊಂಡು ನಾನೂ ಬರ್ತೀನಿ.