ಕ್ಲೌಡ್ ಡೈರೆಕ್ಟರಿ: ನೌಕರರ ಖಾತೆ ಹಾಗೂ ಗಣಕಯಂತ್ರಗಳ ಸುವ್ಯವಸ್ಥಿತ ನಿರ್ವಹಣೆ

ಕಾರ್ಖಾನೆಯ ಉಗ್ರಾಣದ ಬೀಗದ ಕೈ ಯಾರ ವಶದಲ್ಲಿದೆ ಎಂದು ಕೇಳಿದರೆ ಯಾವ ಉದ್ಯಮಿಯೂ ತಡವರಿಸದೆ ಉತ್ತರಿಸುವರು. ಕೈ ಪಡೆದವರ ಸಹಿ ಪುಸ್ತಕದಲ್ಲಿರುತ್ತದೆ. ನೌಕರನು ಕೆಲಸ ಬಿಡುವ ದಿನ ಅದನ್ನು ಹಿಂದಕ್ಕೆ ಪಡೆದ ನಂತರವೇ ಲೆಕ್ಕ ಚುಕ್ತಾ ಆಗುತ್ತದೆ. ಆದರೆ ಅದೇ ಸಂಸ್ಥೆಯ ಇ-ಮೇಲ್ ಪಾಸ್‌ವರ್ಡ್ ಎಷ್ಟು ಮಂದಿಗೆ ತಿಳಿದಿದೆ, ಗ್ರಾಹಕರ ಪಟ್ಟಿ ಎಷ್ಟು ಲ್ಯಾಪ್‌ಟಾಪ್‌ಗಳಲ್ಲಿದೆ, ಕಳೆದ ವರ್ಷ ಕೆಲಸ ಬಿಟ್ಟುಹೋದ ಮಾರಾಟ ಪ್ರತಿನಿಧಿಯ ಮೊಬೈಲ್‌ನಲ್ಲಿ ಸಂಸ್ಥೆಯ ಪತ್ರವ್ಯವಹಾರ ಇಂದಿಗೂ ತೆರೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗಳಿಗೆ ಖಚಿತವಾದ ಉತ್ತರ ದೊರೆಯುವುದು ವಿರಳ.

ಹೆಬ್ಬಾಳದಲ್ಲಿರುವ ಇನ್ಫೋಸಿಸ್‌ನಂತಹ ಬೃಹತ್ ಸಂಸ್ಥೆಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗಗಳಿರುತ್ತವೆ. ಆದರೆ ಹೂಟಗಳ್ಳಿ, ಕೂರ್ಗಳ್ಳಿ, ಮೇಟಗಳ್ಳಿಗಳ ಸಣ್ಣ ಕೈಗಾರಿಕೆಗಳು, ಅಗರಬತ್ತಿ ತಯಾರಕರು, ರೇಷ್ಮೆ ವ್ಯಾಪಾರಿಗಳು, ಸಂತೆಪೇಟೆಯ ಸಗಟು ವರ್ತಕರು, ಹೋಟೆಲುಗಳು ಮತ್ತು ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಗಣಕಯಂತ್ರ ಬಳಸುವವರ ಸಂಖ್ಯೆ ಸಾಮಾನ್ಯವಾಗಿ ಹತ್ತರಿಂದ ಐವತ್ತರೊಳಗೆ. ಇಲ್ಲಿ ಖಾತೆಗಳ ಉಸ್ತುವಾರಿ ಯಾರೊಬ್ಬರ ಕರ್ತವ್ಯವೂ ಆಗಿರುವುದಿಲ್ಲ. ಇಂತಹ ಸಂಸ್ಥೆಗಳಿಗೆ ಕ್ಲೌಡ್ ಡೈರೆಕ್ಟರಿ ಸೇವೆಯು ಏನನ್ನು ಮಾಡಿಕೊಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಡೈರೆಕ್ಟರಿ ಎಂದರೇನು?

ಸಂಸ್ಥೆಯಲ್ಲಿ ಯಾರಿದ್ದಾರೆ, ಅವರ ಬಳಿ ಯಾವ ಯಂತ್ರವಿದೆ, ಯಾವ ಕಡತವನ್ನು ಯಾರು ತೆರೆಯಬಹುದು ಎಂಬುದನ್ನು ಒಂದೆಡೆ ದಾಖಲಿಸಿ, ಪ್ರತಿ ಬಾರಿ ಪ್ರವೇಶ ಕೇಳಿದಾಗಲೂ ಆ ದಾಖಲೆಯನ್ನು ನೋಡಿಯೇ ಒಳಗೆ ಬಿಡುವ ವ್ಯವಸ್ಥೆಗೆ ಡೈರೆಕ್ಟರಿ ಎಂದು ಹೆಸರು. ಹಾಜರಿ ಪುಸ್ತಕವೂ ಕಾವಲುಗಾರನೂ ಒಂದೇ ಕಡೆ ಸೇರಿದಂತೆ ಇದನ್ನು ಭಾವಿಸಬಹುದು.

ಈ ಕಲ್ಪನೆ ಹೊಸದೇನಲ್ಲ. ಇಂದಿಗೂ ಬಳಕೆಯಲ್ಲಿರುವ ಎಲ್‌ಡಿಎಪಿ ಎಂಬ ಸಂಪರ್ಕ ನಿಯಮಾವಳಿಯು 1990ರ ದಶಕದ ಆರಂಭದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡಿತು. 2000ದಲ್ಲಿ ಬಂದ ವಿಂಡೋಸ್ 2000 ಸರ್ವರ್‌ನೊಂದಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಆ್ಯಕ್ಟಿವ್ ಡೈರೆಕ್ಟರಿಯನ್ನು ನೀಡಿತು. ಆದರೆ ಅದಕ್ಕೆ ಕಚೇರಿಯಲ್ಲೇ ಸರ್ವರ್, ಯುಪಿಎಸ್ ಹಾಗೂ ಬಲ್ಲ ತಂತ್ರಜ್ಞರು ಬೇಕಾಗಿದ್ದುದರಿಂದ ಸಣ್ಣ ಸಂಸ್ಥೆಗಳು ಅದರ ಗೋಜಿಗೆ ಹೋಗುವುದು ಕಷ್ಟವಾಗಿತ್ತು. ಕ್ಲೌಡ್ ವ್ಯವಸ್ಥೆಯಲ್ಲಿ ಆ ಸರ್ವರ್ ಸೇವಾದಾರರ ದತ್ತಾಂಶ ಕೇಂದ್ರದಲ್ಲಿರುತ್ತದೆ. ನಾವು ಅಂತರಜಾಲದ ಮೂಲಕ ಬಳಸಿ, ತಲೆಗೆ ಇಷ್ಟೆಂದು ಶುಲ್ಕ ತೆರುತ್ತೇವೆ. ಮೈಕ್ರೋಸಾಫ್ಟ್‌ನ ಎಂಟ್ರಾ ಐಡಿ (2023ರವರೆಗೆ ಇದರ ಹೆಸರು ಅಜೂರ್ ಆ್ಯಕ್ಟಿವ್ ಡೈರೆಕ್ಟರಿ), ಗೂಗಲ್ ವರ್ಕ್‌ಸ್ಪೇಸ್‌ನ ಡೈರೆಕ್ಟರಿ, ಜಂಪ್‌ಕ್ಲೌಡ್ ಹಾಗೂ ನಮ್ಮ ದೇಶದ್ದೇ ಆದ ಜೋಹೊ ಸಂಸ್ಥೆಯ ಡೈರೆಕ್ಟರಿ ಇದಕ್ಕೆ ಉದಾಹರಣೆಗಳು. ಸಂಸ್ಥೆಯ ಹೆಸರಿನ ಇ-ಮೇಲ್‌ಗಾಗಿ ಈಗಾಗಲೇ ಶುಲ್ಕ ಕಟ್ಟುತ್ತಿರುವ ಅನೇಕ ಸದಸ್ಯರ ಬಳಿ ಡೈರೆಕ್ಟರಿಯ ಮೂಲ ಸೌಲಭ್ಯವು ಅದರೊಂದಿಗೇ ಬಂದಿರುತ್ತದೆ ಎಂಬುದು ಗಮನಾರ್ಹ.

‘ಭೂಮಿ’ ಯೋಜನೆಯ ಪಾಠ

ಒಬ್ಬ ವ್ಯಕ್ತಿಗೆ ಒಂದು ಖಾತೆ ಎಂಬ ತತ್ತ್ವಕ್ಕೆ ನಮ್ಮ ರಾಜ್ಯದಲ್ಲಿಯೇ ಉತ್ತಮ ನಿದರ್ಶನವಿದೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಲ್ಲಿ, ಎರಡು ದಶಕಗಳ ಹಿಂದೆಯೇ, ಸಿಬ್ಬಂದಿಯ ಪ್ರವೇಶಕ್ಕೆ ಪಾಸ್‌ವರ್ಡ್ ಒಂದನ್ನೇ ನೆಚ್ಚದೆ ಬೆರಳಚ್ಚನ್ನು ಅಳವಡಿಸಲಾಯಿತು. ಪಾಸ್‌ವರ್ಡನ್ನು ಮತ್ತೊಬ್ಬರಿಗೆ ಹೇಳಬಹುದು. ಬೆರಳಚ್ಚನ್ನು ಹಾಗೆ ಕೊಡಲಾಗದು. ಹೀಗಾಗಿ ಯಾವ ಪಹಣಿಯ ತಿದ್ದುಪಡಿಯನ್ನು ಯಾರು ಅನುಮೋದಿಸಿದರು ಎಂಬುದನ್ನು ಅಲ್ಲಗಳೆಯಲು ಅವಕಾಶವಿರಲಿಲ್ಲ.

ನಮ್ಮ ಕಚೇರಿಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಪದ್ಧತಿ ಬೆಳೆದುಬಂದಿದೆ. ‘ಆಫೀಸ್’, ‘ಸೇಲ್ಸ್’, ‘ಅಕೌಂಟ್ಸ್’ ಎಂಬ ಹೆಸರಿನ ಒಂದೊಂದು ಖಾತೆಯನ್ನು ನಾಲ್ಕಾರು ಜನ ಬಳಸುತ್ತಾರೆ. ದರಪಟ್ಟಿಯೊಂದು ಪ್ರತಿಸ್ಪರ್ಧಿಯ ಕೈಸೇರಿದರೆ ಕಳುಹಿಸಿದವರು ಯಾರೆಂದು ಪತ್ತೆ ಹಚ್ಚಲಾಗುವುದಿಲ್ಲ. ಅನುಮಾನವು ನಿರಪರಾಧಿಗಳ ಮೇಲೂ ಬೀಳುತ್ತದೆ. ಪ್ರತ್ಯೇಕ ಖಾತೆಯು ಮಾಲೀಕರಿಗೆ ಎಷ್ಟು ರಕ್ಷಣೆಯೋ ಪ್ರಾಮಾಣಿಕ ನೌಕರರಿಗೂ ಅಷ್ಟೇ ರಕ್ಷಣೆ.

ಕಾರ್ಯವಿಧಾನ

ಮೊದಲನೆಯದಾಗಿ, ಪ್ರತಿ ನೌಕರರಿಗೂ ಸ್ವಂತ ಹೆಸರಿನ ಖಾತೆ ತೆರೆಯಲಾಗುತ್ತದೆ. ಇ-ಮೇಲ್, ಕಡತಗಳು, ಗಣಕಯಂತ್ರದ ಪ್ರವೇಶ, ಡೈರೆಕ್ಟರಿಗೆ ಜೋಡಿಸಲು ಸಾಧ್ಯವಿರುವ ಇತರ ತಂತ್ರಾಂಶಗಳು, ಇವೆಲ್ಲಕ್ಕೂ ಅದೊಂದೇ ಖಾತೆ ಸಾಕು.

ಎರಡನೆಯದಾಗಿ, ಅಧಿಕಾರವನ್ನು ವ್ಯಕ್ತಿಗೆ ನೇರವಾಗಿ ಕೊಡದೆ ಗುಂಪಿಗೆ ಕೊಡಲಾಗುತ್ತದೆ. ಖರೀದಿ ವಿಭಾಗದಿಂದ ಲೆಕ್ಕಪತ್ರ ವಿಭಾಗಕ್ಕೆ ವರ್ಗವಾದವರನ್ನು ಹಳೆಯ ಗುಂಪಿನಿಂದ ತೆಗೆದು ಹೊಸದಕ್ಕೆ ಸೇರಿಸಿದರೆ, ಆ ಗುಂಪುಗಳ ಮೂಲಕ ದೊರೆಯುವ ಅಧಿಕಾರಗಳೆಲ್ಲವೂ ತಾವಾಗಿಯೇ ಬದಲಾಗುತ್ತವೆ.

ಮೂರನೆಯದಾಗಿ, ಪಾಸ್‌ವರ್ಡ್ ಜೊತೆಗೆ ಮೊಬೈಲ್ ಆ್ಯಪ್ ಅಥವಾ ಸಂಕೇತಸಂಖ್ಯೆಯ ಎರಡನೆಯ ದೃಢೀಕರಣವನ್ನು ಕಡ್ಡಾಯಗೊಳಿಸಬಹುದು. ಇದರಿಂದ ಕದ್ದ ಪಾಸ್‌ವರ್ಡ್ ಒಂದರಿಂದಲೇ ಒಳಬರುವುದು ಬಹಳ ಕಠಿಣವಾಗುತ್ತದೆ.

ನಾಲ್ಕನೆಯದಾಗಿ, ಸಂಸ್ಥೆಯ ಲ್ಯಾಪ್‌ಟಾಪ್‌ಗಳನ್ನು ನೋಂದಾಯಿಸಿ ನಿಯಮಗಳನ್ನು ದೂರದಿಂದಲೇ ವಿಧಿಸಬಹುದು: ಪರದೆ ತಾನಾಗಿ ಬೀಗ ಹಾಕಿಕೊಳ್ಳಬೇಕು, ತಂತ್ರಾಂಶದ ಪರಿಷ್ಕರಣೆಗಳು ಆಗುತ್ತಿರಬೇಕು, ಡಿಸ್ಕ್‌ನಲ್ಲಿರುವುದೆಲ್ಲ ಗೂಢಲಿಪಿಯಲ್ಲಿರಬೇಕು. ಬೆಂಗಳೂರಿನ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದುಹೋದರೆ ಅದರಲ್ಲಿನ ಮಾಹಿತಿಯನ್ನು ಅಳಿಸಿಹಾಕುವಂತೆ ಆದೇಶ ಕಳುಹಿಸಬಹುದು. ಆದರೆ ಯಂತ್ರವು ಅಂತರಜಾಲಕ್ಕೆ ಸೇರಿದಾಗ ಮಾತ್ರ ಆ ಆದೇಶ ತಲಪುತ್ತದೆ. ಆದ್ದರಿಂದ ನಿಜವಾದ ರಕ್ಷಣೆ ಗೂಢಲಿಪಿಯದು.

ಇಲ್ಲಿ ಒಂದು ಎಚ್ಚರಿಕೆ. ವಿಂಡೋಸ್‌ನ ಹೋಮ್ ಆವೃತ್ತಿಯಿರುವ ಯಂತ್ರಗಳನ್ನು ಸಂಸ್ಥೆಯ ಖಾತೆಯಿಂದಲೇ ಪ್ರವೇಶಿಸುವಂತೆ ಎಂಟ್ರಾ ಐಡಿಗೆ ಪೂರ್ಣವಾಗಿ ಸೇರಿಸಲು ಬರುವುದಿಲ್ಲ. ಪ್ರೊ ಅಥವಾ ಅದಕ್ಕೆ ಮೇಲ್ಪಟ್ಟ ಆವೃತ್ತಿ ಬೇಕು. ಅಲ್ಲದೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಹೊಸ ಯಂತ್ರ ಕೊಳ್ಳುವಾಗ ಬೆಲೆಯೊಂದಿಗೆ ಆವೃತ್ತಿಯನ್ನೂ ವಿಚಾರಿಸುವುದು ಲೇಸು.

ಕೆಲಸ ಬಿಡುವ ದಿನ

ಈ ವ್ಯವಸ್ಥೆಯ ಸತ್ವಪರೀಕ್ಷೆಯಾಗುವುದು ನೌಕರರೊಬ್ಬರು ಕೆಲಸ ಬಿಡುವ ದಿನ. ಮೂವತ್ತು ಜನರ ಯಂತ್ರಭಾಗ ತಯಾರಿಕಾ ಘಟಕವೊಂದನ್ನು ಕಲ್ಪಿಸಿಕೊಳ್ಳೋಣ. ಮಾರಾಟ ವಿಭಾಗದ ಹಿರಿಯ ನೌಕರರೊಬ್ಬರು ರಾಜೀನಾಮೆ ನೀಡಿದ್ದಾರೆ. ಡೈರೆಕ್ಟರಿ ಇಲ್ಲದಿದ್ದರೆ ಇ-ಮೇಲ್, ಕಡತ ಸಂಗ್ರಹ, ಲ್ಯಾಪ್‌ಟಾಪ್ ಎಂದು ಹತ್ತು ಕಡೆ ಪಾಸ್‌ವರ್ಡ್ ಬದಲಿಸಬೇಕು. ಒಂದನ್ನು ಮರೆತರೂ ಬಾಗಿಲು ತೆರೆದಂತೆಯೇ. ಡೈರೆಕ್ಟರಿ ಇದ್ದಲ್ಲಿ ಕೆಳಕಂಡ ಕ್ರಮ ಸಾಕು.

1. ಖಾತೆಯ ಪ್ರವೇಶವನ್ನು ತಡೆಹಿಡಿಯುವುದು. ಇದಾದ ಮೇಲೂ ಈಗಾಗಲೇ ತೆರೆದಿರುವ ಸಂಪರ್ಕವು ಸುಮಾರು ಒಂದು ಗಂಟೆಯ ಕಾಲ ಮುಂದುವರಿಯುವ ಸಾಧ್ಯತೆಯಿದೆ. ಆದ್ದರಿಂದ ಎಲ್ಲ ಸಾಧನಗಳಿಂದಲೂ ಹೊರಹಾಕುವ ಆದೇಶವನ್ನು ಪ್ರತ್ಯೇಕವಾಗಿ ನೀಡಬೇಕು.

2. ಅವರ ಇ-ಮೇಲ್ ಮತ್ತು ಕಡತಗಳನ್ನು ಮುಂದಿನ ಹೊಣೆಗಾರರಿಗೆ ವರ್ಗಾಯಿಸುವುದು.

3. ಲ್ಯಾಪ್‌ಟಾಪನ್ನು ಹಿಂಪಡೆದು, ನೋಂದಣಿಯಲ್ಲಿ ಹೊಸಬರ ಹೆಸರಿಗೆ ಬದಲಿಸುವುದು.

4. ಇವೆಲ್ಲವೂ ಮುಗಿದ ನಂತರವೇ ಖಾತೆಯನ್ನು ಅಳಿಸುವುದು.

ಶುಲ್ಕ ಉಳಿಸುವ ಆತುರದಲ್ಲಿ ನಾಲ್ಕನೆಯದನ್ನೇ ಮೊದಲು ಮಾಡುವವರುಂಟು. ಅಳಿಸಿದ ಖಾತೆಯನ್ನು ಮರಳಿ ಪಡೆಯಲು ಮೈಕ್ರೋಸಾಫ್ಟ್‌ನಲ್ಲಿ 30 ದಿನ, ಗೂಗಲ್‌ನಲ್ಲಿ 20 ದಿನ ಮಾತ್ರ ಅವಕಾಶ. ವರ್ಷಗಳ ಪತ್ರವ್ಯವಹಾರ ನಷ್ಟವಾದ ಮೇಲೆ ಉಳಿಸಿದ ಶುಲ್ಕದಿಂದ ಪ್ರಯೋಜನವಿಲ್ಲ.

ನೌಕರರ ಸ್ವಂತ ಮೊಬೈಲ್

ಸಣ್ಣ ಸಂಸ್ಥೆಗಳಲ್ಲಿ ಕಚೇರಿಯ ಕೆಲಸ ನಡೆಯುವುದು ಬಹುಪಾಲು ನೌಕರರ ಸ್ವಂತ ಮೊಬೈಲ್‌ಗಳಲ್ಲಿ. ಅವರ ಮನೆಯವರ ಭಾವಚಿತ್ರ, ಬ್ಯಾಂಕ್ ವ್ಯವಹಾರ ಎಲ್ಲವೂ ಅದರಲ್ಲೇ ಇರುತ್ತದೆ. ಇಡೀ ಮೊಬೈಲನ್ನು ಅಳಿಸಿಹಾಕುವ ಅಧಿಕಾರವನ್ನು ಮಾಲೀಕರು ಇಟ್ಟುಕೊಳ್ಳುವುದು ನ್ಯಾಯವೂ ಅಲ್ಲ, ಅಗತ್ಯವೂ ಅಲ್ಲ. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಕಚೇರಿಯ ಕೆಲಸಕ್ಕೆಂದೇ ಬೇರೆ ಕೋಣೆಯಂತಹ ‘ವರ್ಕ್ ಪ್ರೊಫೈಲ್’ ರಚಿಸುವ ಸೌಲಭ್ಯವಿದೆ. ಸಂಸ್ಥೆಯು ಅಳಿಸುವುದು ಆ ಕೋಣೆಯನ್ನಷ್ಟೇ. ಸಂಸ್ಥೆ ಏನನ್ನು ನೋಡಬಲ್ಲದು, ಏನನ್ನು ನೋಡಲಾರದು ಎಂಬುದನ್ನು ಮುಂಚಿತವಾಗಿ ಕನ್ನಡದಲ್ಲಿಯೇ ಬರೆದುಕೊಟ್ಟು ಒಪ್ಪಿಗೆ ಪಡೆದರೆ ಮುಂದಿನ ಮನಸ್ತಾಪಗಳು ತಪ್ಪುತ್ತವೆ.

ಮಿತಿಗಳು

ಡೈರೆಕ್ಟರಿಯು ಎಲ್ಲ ಬಾಗಿಲುಗಳನ್ನೂ ಕಾಯುವುದಿಲ್ಲ. ಟ್ಯಾಲಿಯ ಬಳಕೆದಾರರನ್ನು ಆಯಾ ಕಂಪನಿಯ ಲೆಕ್ಕದಲ್ಲೇ ಬೇರೆಯಾಗಿ ರಚಿಸಬೇಕು, ಬೇರೆಯಾಗಿಯೇ ತೆಗೆಯಬೇಕು. ಬ್ಯಾಂಕ್ ಹಾಗೂ ಸರ್ಕಾರಿ ಜಾಲತಾಣಗಳೂ ಇದರ ಹೊರಗಿವೆ. ಇ-ವೇ ಬಿಲ್ ಮತ್ತು ಇ-ಇನ್ವಾಯ್ಸ್ ವ್ಯವಸ್ಥೆಗಳಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಎರಡನೆಯ ದೃಢೀಕರಣ ಕಡ್ಡಾಯವಾಗಿದೆ. ಅಲ್ಲಿ ಪ್ರತಿ ನೌಕರರಿಗೂ ಉಪಬಳಕೆದಾರ ಖಾತೆಯನ್ನು ಅವರದೇ ಮೊಬೈಲ್ ಸಂಖ್ಯೆಗೆ ರಚಿಸುವ ಸೌಲಭ್ಯವಿದೆ. ಮಾಲೀಕರ ಮೊಬೈಲ್‌ಗೆ ಬಂದ ಸಂಕೇತಸಂಖ್ಯೆಯನ್ನು ದಿನಕ್ಕೆ ಹತ್ತು ಬಾರಿ ಉಗ್ರಾಣಕ್ಕೆ ಕೂಗಿ ಹೇಳುವುದಕ್ಕಿಂತ ಇದು ಮೇಲು. ಇಂತಹ ಹೊರಗಿನ ಖಾತೆಗಳ ಪಟ್ಟಿಯೊಂದನ್ನು ಕಾಗದದಲ್ಲಾದರೂ ಇಟ್ಟು, ಬಿಡುಗಡೆ ಪತ್ರಕ್ಕೆ ಲಗತ್ತಿಸಬೇಕು.

ಇನ್ನೊಂದು ಅಪಾಯವು ಹೆಚ್ಚು ಗಂಭೀರವಾದುದು. ಡೈರೆಕ್ಟರಿಯ ಅಡ್ಮಿನ್ ಖಾತೆಯು ಎಲ್ಲ ಬೀಗಗಳಿಗೂ ಒಂದೇ ಕೈ ಇದ್ದಂತೆ. ವ್ಯವಸ್ಥೆಯನ್ನು ಅಳವಡಿಸಿದ ಗುತ್ತಿಗೆದಾರರ ಹೆಸರಿನಲ್ಲಿಯೇ ಅದನ್ನೂ ಸಂಸ್ಥೆಯ ಡೊಮೈನ್ ಹೆಸರನ್ನೂ ಬಿಟ್ಟರೆ, ಅವರೊಡನೆ ವಿರಸ ಉಂಟಾದ ದಿನ ಸ್ವಂತ ಸಂಸ್ಥೆಗೇ ನಾವು ಪರಕೀಯರಾಗುತ್ತೇವೆ. ಡೊಮೈನ್ ನೋಂದಣಿ ಸಂಸ್ಥೆಯ ಹೆಸರಿನಲ್ಲಿರಬೇಕು. ಅಡ್ಮಿನ್ ಖಾತೆಗಳು ಕನಿಷ್ಠ ಎರಡಿದ್ದು, ಒಂದು ಮಾಲೀಕರ ವಶದಲ್ಲಿರಬೇಕು. ದಿನನಿತ್ಯದ ಇ-ಮೇಲ್‌ಗೆ ಆ ಖಾತೆಯನ್ನು ಬಳಸಕೂಡದು.

ಅಂತರಜಾಲ ಕಡಿತಗೊಂಡರೆ ಗತಿಯೇನು ಎಂಬ ಸಂದೇಹ ಸಹಜ. ಈ ಹಿಂದೆ ಪ್ರವೇಶಿಸಿದ ಯಂತ್ರವನ್ನು ನೌಕರರು ಸಂಪರ್ಕವಿಲ್ಲದೆಯೂ ತೆರೆಯಬಹುದು. ಕ್ಲೌಡ್‌ನಲ್ಲಿರುವ ಕಡತಗಳು ಮಾತ್ರ ಸಂಪರ್ಕ ಮರಳುವವರೆಗೆ, ಪ್ರತಿಯನ್ನು ಯಂತ್ರದಲ್ಲಿಯೇ ಇರಿಸಿಕೊಂಡಿದ್ದ ಹೊರತು, ದೊರೆಯುವುದಿಲ್ಲ.

ಕಾನೂನಿನ ನಿರೀಕ್ಷೆ

ಸರ್ಟ್-ಇನ್ ಎಂದು ಹೆಸರಾದ ಕೇಂದ್ರ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಯಾರು ಯಾವಾಗ ಪ್ರವೇಶಿಸಿದರೆಂಬ ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರಡಿ ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದಲ್ಲಿ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳು ಅಂದಿನಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಲಾಗ್‌ಗಳನ್ನು ಒಂದು ವರ್ಷ ಇಡಬೇಕೆಂದು ಅವು ಹೇಳುತ್ತವೆ. ಹಲವು ಅಗ್ಗದ ಯೋಜನೆಗಳಲ್ಲಿ ಲಾಗ್‌ಗಳು ಅಷ್ಟು ಕಾಲ ಉಳಿಯುವುದಿಲ್ಲವಾದ್ದರಿಂದ ಚಂದಾದಾರರಾಗುವ ಮೊದಲೇ ಈ ವಿಷಯವನ್ನು ಲಿಖಿತವಾಗಿ ಕೇಳಿಕೊಳ್ಳಬೇಕು.

ಆರಂಭಿಸುವ ಬಗೆ

ಹಣ ತೆರುವ ಮೊದಲು ಒಂದು ಹಾಳೆಯಲ್ಲಿ ಮೂರು ಪಟ್ಟಿಗಳನ್ನು ಸಿದ್ಧಪಡಿಸಿಕೊಳ್ಳಿ: ಜನ, ಯಂತ್ರ, ಖಾತೆ. ವೇತನ ಪಟ್ಟಿಯಲ್ಲಿ ಇಲ್ಲದ ಹೆಸರು ಖಾತೆಗಳ ಪಟ್ಟಿಯಲ್ಲಿ ಕಂಡುಬಂದರೆ ಅದೇ ನಿಮ್ಮ ಮೊದಲ ಕೆಲಸ. ಬಳಿಕ ಮಾಲೀಕರು ಹಾಗೂ ಲೆಕ್ಕಪತ್ರ ವಿಭಾಗದಿಂದ ಎರಡನೆಯ ದೃಢೀಕರಣವನ್ನು ಆರಂಭಿಸಿ, ನಂತರ ಉಳಿದವರಿಗೆ ವಿಸ್ತರಿಸಬಹುದು. ಯಂತ್ರಗಳ ನೋಂದಣಿ ಕೊನೆಯ ಹಂತ. ಮೂರು ತಿಂಗಳಿಗೊಮ್ಮೆ ವೇತನ ಪಟ್ಟಿಯನ್ನೂ ಡೈರೆಕ್ಟರಿಯನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವ ಹೊಣೆಯನ್ನು ಹೆಸರು ಹೇಳಿ ಒಬ್ಬರಿಗೆ ವಹಿಸಬೇಕು.

ತಂತ್ರಜ್ಞಾನವು ಶಿಸ್ತನ್ನು ಸುಲಭಗೊಳಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ನೌಕರರು ಕೆಲಸ ಬಿಟ್ಟ ಸುದ್ದಿ ಡೈರೆಕ್ಟರಿಯನ್ನು ನೋಡಿಕೊಳ್ಳುವವರಿಗೆ ಅಂದೇ ತಲಪದಿದ್ದರೆ ಎಷ್ಟು ಬೆಲೆಬಾಳುವ ಸೇವೆಯೂ ನಿಷ್ಫಲ. ಸದಸ್ಯ ಬಂಧುಗಳು ಈ ತಿಂಗಳ ವೇತನ ಬಟವಾಡೆಯ ಸಂದರ್ಭದಲ್ಲಿಯೇ ಮೇಲ್ಕಂಡ ಮೂರು ಪಟ್ಟಿಗಳನ್ನು ಸಿದ್ಧಪಡಿಸಿಕೊಂಡರೆ, ಯಾವ ಸೇವೆ ತಮಗೆ ಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುವುದು.