ಕೋಮಾ (ದೃಗ್ವಿಜ್ಞಾನ)

ಮಸೂರ ಅಥವಾ ದರ್ಪಣದ ಅಕ್ಷಕ್ಕೆ ಓರೆಯಾಗಿ ಬೀಳುವ ಬೆಳಕಿನಿಂದ ಬಿಂಬದಲ್ಲಿ ಉಂಟಾಗುವ ಒಂದು ಬಗೆಯ ವಿಪಥನವೇ ಕೋಮಾ. ದರ್ಪಣದ ನಡುಭಾಗದಿಂದಲೂ ಅಂಚಿನಿಂದಲೂ ಪ್ರತಿಫಲಿಸಿದ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡದ ಕಾರಣ ನಕ್ಷತ್ರದ ಬಿಂಬಕ್ಕೆ ಧೂಮಕೇತುವಿನಂತೆ ಬಾಲ ಮೂಡುತ್ತದೆ. ಪರವಲಯಾಕಾರದ ಒಂಟಿ ದರ್ಪಣವು ಅಕ್ಷದ ಮೇಲೆ ಗೋಳೀಯ ವಿಪಥನವಿಲ್ಲದ ಬಿಂಬವನ್ನು ನೀಡಿದರೂ, ಓರೆಕೋನ ಹೆಚ್ಚಿದಂತೆ ಅದರ ಕೋಮಾ ನೇರ ಅನುಪಾತದಲ್ಲಿ ಬೆಳೆಯುತ್ತದೆ.

ರಿಚಿ–ಕ್ರೆಟಿಯನ್ ವಿನ್ಯಾಸದಲ್ಲಿ ಎರಡು ದರ್ಪಣಗಳಿಗೂ ಅತಿಪರವಲಯದ ಆಕಾರ ನೀಡಿ ಈ ಎರಡೂ ದೋಷಗಳನ್ನು ನಿವಾರಿಸಲಾಗುತ್ತದೆ. ಅಸ್ಟಿಗ್ಮಾಟಿಸಂ ಮತ್ತು ಬಿಂಬತಲದ ವಕ್ರತೆ ಉಳಿಯುತ್ತವೆ. 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಆಸ್ಟ್ರೋಸ್ಯಾಟ್ ಉಪಗ್ರಹದ ಅವಳಿ ನೇರಳಾತೀತ ದೂರದರ್ಶಕಗಳು ಈ ಬಗೆಯವು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಹೊಸಕೋಟೆಯಲ್ಲಿ ಜೋಡಿಸಿದ, 375 ಮಿಲಿಮೀಟರ್ ವ್ಯಾಸದ ಇವು ಹೆಚ್ಚುಕಡಿಮೆ ಚಂದ್ರಬಿಂಬದಷ್ಟು ಅಗಲದ ಆಕಾಶವನ್ನು ಒಮ್ಮೆಗೇ ಚಿತ್ರಿಸುತ್ತವೆ.